ಚೆಂಗ್ಡು ನೋಡಿಬಂದ ಅಕ್ಕ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಯೆತ್ತರದ ಒಂದು ಕಾಂಪೌಂಡು. ಅದರ ಮೇಲಿಂದ ಕರಿಬೇವು ಆ ಕಡೆ ಹೋಗುತ್ತದೆ, ಹೆಪ್ಪಿಗೆ ಒಂದು ಚಮಚ ಮೊಸರು ಈ ಕಡೆ ಬರುತ್ತದೆ. ದಿನದ ಮೊದಲ ಮಾತು ಮಾತ್ರ ಯಾವತ್ತೂ ಒಂದೇ. ಅಕ್ಕ ಆ ಕಡೆಯಿಂದ ಕೇಳುತ್ತಾರೆ, "ನೀರು ಬಂತೇನಮ್ಮ?" ನಾನು ಈ ಕಡೆಯಿಂದ ಹೇಳುತ್ತೇನೆ, "ಇನ್ನೂ ಇಲ್ಲ ಅಕ್ಕಾ." ಅಲ್ಲಿಂದ ನಮ್ಮ ಬೆಳಗು ಶುರು.

ಕಳೆದ ವರ್ಷ ಮೂರು ತಿಂಗಳು ಈ ಪ್ರಶ್ನೆ ಕೇಳುವವರಿರಲಿಲ್ಲ. ಅಕ್ಕ ಮಗಳ ಬಾಣಂತನಕ್ಕೆ ಹೋಗಿದ್ದರು. ನಮ್ಮ ಬೀದಿಯಿಂದ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದವರಿದ್ದಾರೆ, ಆಸ್ಟ್ರೇಲಿಯಾಕ್ಕೆ ಹೋದವರಿದ್ದಾರೆ. ಅಕ್ಕ ಹೋದದ್ದು ಚೀನಾಕ್ಕೆ, ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿಗೆ. ಅಳಿಯನಿಗೆ ಅಲ್ಲಿ ಕೆಲಸ. ಮೆಣಸಿನಪುಡಿ, ಸಾರಿನಪುಡಿ, ಅಂಟಿನುಂಡೆ ಎಲ್ಲ ಕಟ್ಟಿಕೊಂಡು ಹೊರಟಾಗ ಅವರ ಮುಖದಲ್ಲಿ ಅಳುಕಿತ್ತು. ದೀಪಾವಳಿ ಹೊತ್ತಿಗೆ ವಾಪಸ್ಸಾದಾಗ ಅದು ಮಾಯವಾಗಿತ್ತು.

"ಅಲ್ಲೂ ಬಾಣಂತಿಗೆ ಒಂದು ತಿಂಗಳು ತಣ್ಣೀರು ಮುಟ್ಟಿಸಲ್ಲ ಕಣಮ್ಮ" ಎಂದರು, ಬಂದ ಮಾರನೆಯ ದಿನವೇ. "ಗಾಳಿಗೆ ಬಿಡಲ್ಲ, ಬಿಸಿಬಿಸಿಯಾಗೇ ತಿನ್ನಿಸ್ತಾರೆ. ಎದುರುಮನೆ ಅಜ್ಜಿಗೆ ನನ್ನ ಭಾಷೆ ಬರಲ್ಲ, ನನಗೆ ಅವರ ಭಾಷೆ ಬರಲ್ಲ. ಆದರೂ ಇಬ್ಬರೂ ಸೇರಿ ನನ್ನ ಮಗಳಿಗೆ ಕಾಲುಚೀಲ ಹಾಕಿಕೋ ಅಂತ ಬೈದಿದ್ದೇ ಬೈದಿದ್ದು."

ನನಗೆ ಗೊತ್ತಿದ್ದ ಒಂದು ಸಂಗತಿ ನಾನೂ ಹೇಳಿದೆ. ಚೆಂಗ್ಡು ನಮಗೆ ಪರಕೀಯ ಊರಲ್ಲ. 2013ರಲ್ಲಿ ಬೆಂಗಳೂರಿಗೂ ಚೆಂಗ್ಡುವಿಗೂ ಸೋದರಿ ನಗರದ ಒಪ್ಪಂದವಾಗಿದೆ. ಎರಡಕ್ಕೂ ಹೋಲಿಕೆಯೂ ಇದೆ. ಎರಡೂ ಸಮುದ್ರದಿಂದ ದೂರದ ಊರುಗಳು, ಎರಡೂ ಹಿಂದೆ ನಿಧಾನಕ್ಕೆ ಹೆಸರಾಗಿದ್ದವು, ಎರಡನ್ನೂ ಈಗ ಸಾಫ್ಟ್‌ವೇರು ಓಡಿಸುತ್ತಿದೆ. ಅಕ್ಕ ಕಾಂಪೌಂಡಿನ ಮೇಲೆ ಮೊಣಕೈಯೂರಿದರು. "ಹಾಗಾದ್ರೆ ನಾನು ತಂಗಿ ಮನೆಗೇ ಹೋಗಿದ್ದೆ ಅನ್ನು!"

ಮೂರು ತಿಂಗಳಲ್ಲಿ ಅವರು ಊರು ನೋಡಲು ಮನೆಯಿಂದ ಹೊರಬಿದ್ದದ್ದು ಒಂದೇ ಒಂದು ದಿನ. ಆ ದಿನ ಅಳಿಯ ರಜೆ ಹಾಕಿ ಕೂಸನ್ನು ನೋಡಿಕೊಂಡ, ತಾಯಿ ಮಗಳು ಹೊರಟರು. ಆ ಒಂದು ದಿನದ ಕಥೆಯನ್ನು ಅಕ್ಕ ನನಗೆ ಒಂದು ವಾರ ಹೇಳಿದ್ದಾರೆ.

ಊರಿನ ನಡುವೆ ಪೀಪಲ್ಸ್ ಪಾರ್ಕ್ ಅಂತ ಇದೆಯಂತೆ. ಅದರೊಳಗೆ ನೂರು ವರ್ಷದ ಚಹಾದಂಗಡಿ, ಬಿದಿರಿನ ಕುರ್ಚಿ, ತಟ್ಟೆ ಮುಚ್ಚಳ ಎರಡೂ ಇರುವ ಬಟ್ಟಲು. ಒಂದು ಸಲ ಎಲೆಗೆ ದುಡ್ಡು ಕೊಟ್ಟರೆ ಸಂಜೆವರೆಗೂ ಬಿಸಿನೀರು ಹುಯ್ಯಿಸಿಕೊಂಡು ಕೂರಬಹುದು. ಯಾರೂ ಏಳಿ ಎನ್ನುವುದಿಲ್ಲ. ಕಿವಿ ಶುಚಿ ಮಾಡುವವರು ಉಕ್ಕಿನ ಚಿಮಟ ಮೀಟಿ ಟಿಂಯ್ ಎಂದು ಸದ್ದು ಮಾಡುತ್ತ ಮೇಜಿನಿಂದ ಮೇಜಿಗೆ ಬರುತ್ತಾರೆ. ಇನ್ನೊಂದು ಮೂಲೆಯಲ್ಲಿ ಅಪ್ಪ ಅಮ್ಮಂದಿರು ಮಕ್ಕಳ ವಯಸ್ಸು, ಓದು, ಕೆಲಸ ಬರೆದ ಹಾಳೆ ತೂಗುಹಾಕಿ ಗಂಡು, ಹೆಣ್ಣು ಹುಡುಕುತ್ತಿದ್ದರಂತೆ. "ಜಾತಕ ಒಂದಿಲ್ಲ, ಮಿಕ್ಕಿದ್ದೆಲ್ಲ ನಮ್ಮದೇ" ಎಂದರು ಅಕ್ಕ.

ಅಲ್ಲಿಂದ ಹೊರಗೆ ಬಂದರೆ ಬೇರೆಯೇ ಊರು. ದಕ್ಷಿಣಕ್ಕೆ ಹೋದರೆ 2013ರಲ್ಲಿ ಕಟ್ಟಿ ಮುಗಿಸಿದ ನ್ಯೂ ಸೆಂಚುರಿ ಗ್ಲೋಬಲ್ ಸೆಂಟರ್ ಎಂಬ ಕಟ್ಟಡ. ಉದ್ದ 500 ಮೀಟರ್, ಅಗಲ 400, ಎತ್ತರ 100. ಒಳವಿಸ್ತೀರ್ಣದ ಲೆಕ್ಕದಲ್ಲಿ ಜಗತ್ತಿನಲ್ಲೇ ದೊಡ್ಡದೆಂದು ಹೆಸರಾದದ್ದು. ಅದರೊಳಗೆ ಮರಳು, ಅಲೆ ಎಲ್ಲ ಇರುವ ಸಮುದ್ರತೀರವನ್ನೇ ಮಾಡಿಟ್ಟಿದ್ದಾರೆ. ಮೆಟ್ರೊ ಮಾತು ಬಂದಾಗ ನಾನು ಲೆಕ್ಕ ಹಾಕಿದೆ. ಅವರ ಮೊದಲ ಮಾರ್ಗ ಶುರುವಾದದ್ದು 2010ರ ಸೆಪ್ಟೆಂಬರಿನಲ್ಲಿ. ನಮ್ಮ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ಮೆಟ್ರೊ 2011ರ ಅಕ್ಟೋಬರಿನಲ್ಲಿ. ನಡುವೆ ಒಂದು ವರ್ಷದ ಅಂತರ. ಆ ಹೊತ್ತಿಗೆ ಅವರು 600 ಕಿಲೋಮೀಟರ್ ದಾಟಿದ್ದರು, ನಾವು 96ಕ್ಕೆ ಬಂದು ನಿಂತಿದ್ದೆವು. ಹೇಳಿದಾಗ ನನ್ನ ದನಿ ಸಪ್ಪೆಯಾಗಿತ್ತೋ ಏನೋ, ಅಕ್ಕ ಕೈಯಾಡಿಸಿದರು.

"ಅದಲ್ಲಮ್ಮ ನಾನು ಹೇಳಬೇಕೂಂತಿದ್ದದ್ದು. ಬೆಳಿಗ್ಗೆ ಮೊದಲು ಹೋಗಿದ್ದು ನೀರು ನೋಡೋಕೆ."

ಚೆಂಗ್ಡುವಿನಿಂದ ಸುಮಾರು 60 ಕಿಲೋಮೀಟರ್ ದೂರ ದುಜಿಯಾಂಗ್‌ಯಾನ್. ವೇಗದ ರೈಲಿನಲ್ಲಿ ಹೋಗಿಬಂದರಂತೆ. ಅಲ್ಲಿ ಮಿನ್ ನದಿ ಬೆಟ್ಟದಿಂದ ಬಯಲಿಗೆ ಇಳಿಯುತ್ತದೆ. ಕ್ರಿ.ಪೂ. 256ರ ಸುಮಾರಿಗೆ ಲಿ ಬಿಂಗ್ ಎಂಬ ಅಧಿಕಾರಿ ಆ ನದಿಯನ್ನು ಅಣೆಕಟ್ಟು ಕಟ್ಟದೆ ಪಳಗಿಸಿದ. ನದಿಯ ನಡುವೆ ಮೀನಿನ ಮೂತಿಯ ಹಾಗೆ ಒಂದು ದಿಬ್ಬ ಕಟ್ಟಿ ನೀರನ್ನು ಎರಡಾಗಿ ಸೀಳಿದ. ಬಿದಿರಿನ ಉದ್ದುದ್ದ ಬುಟ್ಟಿ ಹೆಣೆದು, ಕಲ್ಲು ತುಂಬಿ, ಅದರಿಂದಲೇ ದಿಬ್ಬ. ಒಂದು ಸೀಳು ಹೊಲಗಳಿಗೆ, ಇನ್ನೊಂದು ಪ್ರವಾಹಕ್ಕೆ. ಅಡ್ಡವಿದ್ದ ಗುಡ್ಡಕ್ಕೆ ಬೆಂಕಿಯಿಟ್ಟು ಬಂಡೆ ಕಾಯಿಸಿ, ತಣ್ಣೀರು ಸುರಿದು ಬಿರುಕು ಬಿಡಿಸಿ ದಾರಿ ಕೊರೆದರು. ನಮ್ಮ ಬೆಂಗಳೂರಿನ ಕಲ್ಲುಕುಟಿಗರೂ ಹೀಗೇ ಬೆಂಕಿಯಿಂದ ಬಂಡೆ ಎಬ್ಬಿಸುತ್ತಿದ್ದವರು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷವಾಯಿತು, ಆ ನೀರು ಇವತ್ತಿಗೂ ಆ ಬಯಲಿಗೆ ಹರಿಯುತ್ತಿದೆ. ಅಲ್ಲಿನ ಗುಡಿಯ ಕಲ್ಲಿನಲ್ಲಿ ಕೊರೆದಿರುವ ಬುದ್ಧಿಮಾತು ಇಷ್ಟೇ: ಹೂಳನ್ನು ಆಳಕ್ಕೆ ತೆಗೆಯಬೇಕು, ಕಟ್ಟೆಯನ್ನು ತಗ್ಗಾಗಿ ಕಟ್ಟಬೇಕು. ಗುಡಿಯಲ್ಲಿ ಪೂಜೆ ನಡೆಯುವುದು ಲಿ ಬಿಂಗ್‌ಗೆ ಮತ್ತು ಅವನ ಮಗನಿಗೆ. ಮಂಡ್ಯದ ಮನೆಗಳಲ್ಲಿ ವಿಶ್ವೇಶ್ವರಯ್ಯನವರ ಪಟಕ್ಕೆ ಹೂ ಮುಡಿಸುವುದನ್ನು ಕಂಡವಳು ನಾನು. ನನಗೆ ಅದು ಹೊಸದೆನಿಸಲಿಲ್ಲ.

"ಅಷ್ಟು ದೊಡ್ಡ ಊರು, ಎರಡು ಕೋಟಿ ಜನ. ಎಲ್ಲ ನಿಂತಿರೋದು ಆ ನೀರಿನ ಮೇಲೆ" ಎಂದರು ಅಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಅಷ್ಟು ದೂರ ಹೋಗಿ ಅವರ ನೀರು ನೋಡಿಬಂದೆ. ನಮ್ಮೂರ ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ, ನಿನಗೇನಾದ್ರೂ ಗೊತ್ತಾ?"

ಹುಳಿಮಾವಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ನನಗೆ ಉತ್ತರ ಹೊಳೆಯಲಿಲ್ಲ. ಆವತ್ತೇ ನಿಶ್ಚಯ ಮಾಡಿದೆವು. ಕಡೇ ಕಾರ್ತಿಕ ಸೋಮವಾರ, ಬುತ್ತಿ ಕಟ್ಟಿಕೊಂಡು, ನೆಂಟರು ಬಂದ ಹಾಗೆ ನಮ್ಮೂರನ್ನು ನಾವೇ ನೋಡುವುದು.

ಬೆಳಿಗ್ಗೆ ಏಳಕ್ಕೆ ಮೊದಲು ನಮ್ಮ ಗುಹಾದೇವಾಲಯ. ಒಂದೇ ಬಂಡೆಯ ಅಡಿಯಲ್ಲಿರುವ ರಾಮಲಿಂಗೇಶ್ವರ. ಹೊರಗೆ ಬನ್ನೇರುಘಟ್ಟ ರಸ್ತೆಯ ಹಾರ್ನು ಎಷ್ಟೇ ಇರಲಿ, ಒಳಗೆ ಕಾಲಿಟ್ಟರೆ ಕಲ್ಲಿನ ತಂಪು. ದೀಪದ ಮುಂದೆ ಕೂತು ಎದ್ದೆವು. ಅಲ್ಲಿಂದ ಆಟೊದಲ್ಲಿ ಬೇಗೂರು.

ಬೇಗೂರಿನ ನಾಗೇಶ್ವರ ದೇವಸ್ಥಾನ ಗಂಗರ ಕಾಲದ್ದು. ಆವರಣದಲ್ಲಿರುವ ಶಾಸನವೇ ನಾವು ನೋಡಬೇಕಿದ್ದದ್ದು. ಕ್ರಿ.ಶ. 890ರ ಸುಮಾರಿನ ವೀರಗಲ್ಲು. ಬುಟ್ಟಣಸೆಟ್ಟಿ ಎಂಬುವನು ಬೆಂಗಳೂರು ಕಾಳಗದಲ್ಲಿ ಸತ್ತನೆಂದು ಅದರಲ್ಲಿ ಬರೆದಿದೆ. ನಮ್ಮೂರ ಹೆಸರು ಸಿಕ್ಕಿರುವ ಅತಿ ಹಳೆಯ ಬರಹ ಇದು. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ, ಅಂದರೆ ಈ ಕಲ್ಲು ಅದಕ್ಕಿಂತ ಸುಮಾರು 650 ವರ್ಷ ಹಿರಿಯದು. ಬೆಂದ ಕಾಳು ಕೊಟ್ಟ ಅಜ್ಜಿಯಿಂದ ಬೆಂದಕಾಳೂರು ಎಂದು ನಾವು ಮಕ್ಕಳಿಗೆ ಹೇಳುವ ಕಥೆಯ ಹೊಯ್ಸಳ ಬಲ್ಲಾಳನಿಗೂ ಹಿರಿಯದು. ಅಕ್ಕ ಆ ಕಲ್ಲಿನ ಮುಂದೆ ಕೈಮುಗಿದರು. "ಅವನ ಹೆಂಡತಿ ಮಕ್ಕಳು ಏನಾದರೋ" ಎಂದರು. ಶಾಸನ ಓದುವವರು ಗೆದ್ದವರನ್ನು ಕೇಳುತ್ತಾರೆ, ಅಕ್ಕ ಉಳಿದವರನ್ನು ಕೇಳಿದರು. ಗುಡಿಯ ಆಚೆ ಬೇಗೂರು ಕೆರೆ ಹೊಳೆಯುತ್ತಿತ್ತು. ಸಾವಿರ ವರ್ಷದ ಹಿಂದೆ ಜನ ಇಲ್ಲಿ ನೆಲೆ ನಿಂತಿದ್ದರೆ ಅದು ನೀರಿನಿಂದ.

ಬೊಮ್ಮನಹಳ್ಳಿಗೆ ಹೋಗಿ ಹಳದಿ ಮಾರ್ಗದ ಮೆಟ್ರೊ ಹತ್ತಿದೆವು. ಇದು 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ದಾರಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್, 16 ನಿಲ್ದಾಣ. ಶುರುವಾದಾಗ ಓಡುತ್ತಿದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಕಾರಣ ಈ ಬೋಗಿಗಳ ಕಥೆಯಲ್ಲೇ ಇದೆ. 2019ರಲ್ಲಿ ಗುತ್ತಿಗೆ ಹೋದದ್ದು ಚೀನಾದ ಸಿಆರ್‌ಆರ್‌ಸಿ ಕಂಪನಿಗೆ. ಮೊದಲ ಆರು ಬೋಗಿಯ ರೈಲು ಚೀನಾದಿಂದ ಹಡಗಿನಲ್ಲಿ ಚೆನ್ನೈಗೆ ಬಂದು, ಲಾರಿ ಏರಿ ಹೆಬ್ಬಗೋಡಿ ಡಿಪೊ ತಲುಪಿದ್ದು 2024ರ ಫೆಬ್ರುವರಿಯಲ್ಲಿ. ಆಮೇಲಿನವು ಕೋಲ್ಕತ್ತಾ ಬಳಿಯ ಟಿಟಾಗಢ ಕಾರ್ಖಾನೆಯಲ್ಲಿ ತಯಾರಾಗಿ ಒಂದೊಂದಾಗಿ ಬಂದವು. ಇದನ್ನು ಹೇಳುತ್ತಿದ್ದ ಹಾಗೆ ಅಕ್ಕ ಸೀಟಿನ ಅಂಚನ್ನು ಸವರಿದರು. "ಅದಕ್ಕೇ ಹತ್ತಿದ ಕೂಡಲೇ ಮಗಳ ಮನೆ ನೆನಪಾಯ್ತು."

ಸಿಲ್ಕ್ ಬೋರ್ಡ್ ಮೇಲೆ ಹಾಯುವಾಗ ಕೆಳಗೆ ವಾಹನಗಳ ಜಾತ್ರೆ. ಅಲ್ಲಿಂದ ರಾಗಿಗುಡ್ಡದವರೆಗೆ 3.3 ಕಿಲೋಮೀಟರ್ ಎರಡಂತಸ್ತಿನ ಮೇಲ್ಸೇತುವೆ, ಕೆಳಗಿನ ಅಂತಸ್ತಿನಲ್ಲಿ ಕಾರು, ಮೇಲಿನದರಲ್ಲಿ ನಾವು. ಜಯದೇವದ ಹತ್ತಿರ ಅಕ್ಕ ಕಿಟಕಿಗೆ ಮುಖವಿಟ್ಟರು. ಅಲ್ಲಿದ್ದ ಹಳೆಯ ಮೇಲ್ಸೇತುವೆಯನ್ನು 2020ರಲ್ಲಿ ಕೆಡವಿದ್ದು ನಮಗಿಬ್ಬರಿಗೂ ಚೆನ್ನಾಗಿ ನೆನಪಿದೆ. ಈಗ ಅಲ್ಲಿ ಐದು ಅಂತಸ್ತು: ಅಡಿಯಲ್ಲಿ ಕೆಳಸೇತುವೆ, ಅದರ ಮೇಲೆ ರಸ್ತೆ, ಅದರ ಮೇಲೆ ಹೊಸ ಮೇಲ್ಸೇತುವೆ, ಅದರ ಮೇಲೆ ಹಳದಿ ಮಾರ್ಗ, ಎಲ್ಲಕ್ಕೂ ಮೇಲೆ ಗುಲಾಬಿ ಮಾರ್ಗ. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ, ನಮ್ಮ ಹುಳಿಮಾವಿನಲ್ಲೂ ನಿಲ್ಲುವ ಆ ಗುಲಾಬಿ ಮಾರ್ಗದಲ್ಲಿ ನಾವು ಹೋದ ದಿನ ಇನ್ನೂ ಪ್ರಯಾಣಿಕರ ಓಡಾಟ ಇರಲಿಲ್ಲ. ಆದರೂ ಆ ಐದು ಅಂತಸ್ತನ್ನು ನೋಡಿದಾಗ ನನಗೆ ಹೆಮ್ಮೆಯೇ ಆಯಿತು. ವರ್ಷಗಟ್ಟಲೆ ಧೂಳು ಕುಡಿದು, ಬಸ್ಸಿನಲ್ಲಿ ಗಂಟೆಗಟ್ಟಲೆ ನಿಂತು ನಾವೂ ಇದಕ್ಕೆ ನಮ್ಮ ಪಾಲು ಕೊಟ್ಟಿದ್ದೇವೆ.

ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಲಾಲ್‌ಬಾಗಿನಲ್ಲಿ ಇಳಿದೆವು. ಅಲ್ಲಿ ಗಾಜಿನಮನೆಗೆ ಹೋಗದೆ ಬಂಡೆ ಹತ್ತಿದೆವು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಕೆಂಪೇಗೌಡ ಗೋಪುರದ ನೆರಳಿನಲ್ಲಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ ನಮ್ಮೂರಿನ ನೆಲದ ಗುಟ್ಟು ಅಕ್ಕನಿಗೆ ಹೇಳಿದೆ. ಬೆಂಗಳೂರು ಕೂತಿರುವುದು ಕಲ್ಲಿನ ದಿಣ್ಣೆಯ ಮೇಲೆ. ದೊಡ್ಡ ನದಿಯಿಲ್ಲ. ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಗೆ. ಅದಕ್ಕೇ ಹಿಂದಿನವರು ಇಳಿಜಾರಿನುದ್ದಕ್ಕೂ ಏರಿ ಕಟ್ಟಿ ಕೆರೆ ಮಾಡಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ತೂಬು ತೆಗೆದು ಮುಚ್ಚಲು ನೀರುಗಂಟಿ, ಬೇಸಿಗೆಯಲ್ಲಿ ಹೂಳೆತ್ತಲು ಊರ ಜನ. ಈಗ ಕುಡಿಯುವ ನೀರು ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ, ಕಾವೇರಿಯಿಂದ, ಪಂಪಿನ ಬಲದಲ್ಲಿ ಮೇಲೇರಿ ಬರುತ್ತದೆ. 1974ರಲ್ಲಿ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ಐದನೆಯ ಹಂತ. "ಅಷ್ಟು ದೂರದಿಂದ ಹತ್ತಿ ಬರುತ್ತೆ ಅಂದ್ರೆ, ಬೆಳಿಗ್ಗೆ ನಾವು ಬೈಯೋದು ತಪ್ಪು ಕಣಮ್ಮ" ಎಂದರು ಅಕ್ಕ.

ಮುಂದಿನ ನಿಲ್ದಾಣ ನ್ಯಾಷನಲ್ ಕಾಲೇಜ್. ಅಲ್ಲಿ ಇಳಿದದ್ದೇ ಜನರ ಹರಿವು ನಮ್ಮನ್ನು ಎಳೆದುಕೊಂಡು ಹೋಯಿತು. ಬಸವನಗುಡಿಯ ಕಡಲೆಕಾಯಿ ಪರಿಷೆ. ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿ, ತುಮಕೂರು ಎಲ್ಲ ಕಡೆಯಿಂದ ರಾಶಿ ರಾಶಿ ಕಾಯಿ. ಹಸಿಯದು, ಹುರಿದದ್ದು, ಬೇಯಿಸಿದ್ದು. ಹೊಲಕ್ಕೆ ನುಗ್ಗಿ ಕಡಲೆಕಾಯಿ ತಿನ್ನುತ್ತಿದ್ದ ಬಸವನಿಗೆ ಸುಂಕೇನಹಳ್ಳಿಯ ರೈತರು ಮೊದಲ ಬೆಳೆ ಹರಕೆ ಕೊಟ್ಟರಂತೆ. ಸುಂಕೇನಹಳ್ಳಿ ಬಸವನಗುಡಿಯಾಯಿತು, ಹೊಲಗಳೆಲ್ಲ ಮನೆಗಳಾದವು. ಕಾಯಿ ಮಾತ್ರ ವರ್ಷವೂ ಬರುತ್ತಿದೆ. ಚೆಂಗ್ಡುವಿನ ಚಹಾದಂಗಡಿ ನೆನೆದು ಅಕ್ಕ ಹೇಳಿದರು, "ಅವರು ಕುರ್ಚಿ ಉಳಿಸ್ಕೊಂಡಿದ್ದಾರೆ, ನಾವು ರಾಶಿ ಉಳಿಸ್ಕೊಂಡಿದ್ದೀವಿ."

ನೂಕುನುಗ್ಗಲಲ್ಲಿ ದೊಡ್ಡ ಬಸವಣ್ಣನ ಮುಂದೆ ನಿಂತೆವು. ಅವನ ಪಾದದ ಬಳಿಯೇ ವೃಷಭಾವತಿ ಹುಟ್ಟುತ್ತಾಳೆ ಎನ್ನುತ್ತಾರೆ. ಹೆಸರೇ ಬಸವನಿಂದ ಬಂದ ನದಿ. ಮೈಸೂರು ರಸ್ತೆಯುದ್ದಕ್ಕೂ ಮೂಗು ಮುಚ್ಚಿಕೊಂಡು ನಾವು ದಾಟುವ ಕಪ್ಪು ಕಾಲುವೆ ಅವಳೇ. ಅವಳು ಅರ್ಕಾವತಿಗೆ ಸೇರುತ್ತಾಳೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಕಾವೇರಿಯಿಂದ ತಿಳಿನೀರು ತರಿಸಿಕೊಂಡು ನಾವು ಅವಳಿಗೆ ತಿರುಗಿ ಕೊಡುವುದು ಇದನ್ನೇ. ಅಕ್ಕನ ಕಣ್ಣು ತುಂಬಿತು. ನನಗೂ ಮಾತು ಹೊರಡಲಿಲ್ಲ. ಒಂದು ಸೇರು ಹುರಿದ ಕಡಲೆಕಾಯಿ ಕೊಂಡು ಹೊರಬಂದೆವು.

ಮೆಟ್ರೊದಲ್ಲೇ ವಾಪಸ್ಸು ಬಂದು ಜಯದೇವದ ಹತ್ತಿರ 365 ಬಸ್ಸು ಹತ್ತಿದೆವು. ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ಟು ಹರಿದುಕೊಟ್ಟ ಕಂಡಕ್ಟರಮ್ಮನಿಗೆ ಅಕ್ಕ ಒಂದು ಹಿಡಿ ಕಡಲೆಕಾಯಿ ಕೊಟ್ಟರು. ತಾವರೆಕೆರೆ, ಅರೆಕೆರೆ, ಗೊಟ್ಟಿಗೆರೆ. ಈ ರಸ್ತೆಯ ಊರುಗಳ ಹೆಸರಿನಲ್ಲೇ ಎಷ್ಟೊಂದು ಕೆರೆ! ದಿನವೂ ಕೇಳುವ ಹೆಸರುಗಳು, ಆವತ್ತು ಬೇರೆ ಥರ ಕೇಳಿಸಿದವು.

ಮನೆಗೆ ಹೋಗುವ ಮುಂಚೆ ನಮ್ಮ ಹುಳಿಮಾವು ಕೆರೆಯ ದಂಡೆಗೆ ಹೋಗಿ ಕೂತೆವು. ಸೂರ್ಯ ಇಳಿಯುತ್ತಿದ್ದ. ನೀರಕಾಗೆಗಳು ಮುಳುಗಿ ಏಳುತ್ತಿದ್ದವು. ಹಳೆಯದೊಂದು ದಿನ ನೆನಪಾಯಿತು: 2019ರ ನವೆಂಬರ್ 24, ಭಾನುವಾರ. ಆ ಮಧ್ಯಾಹ್ನ ಈ ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಎರಡು ಬೀದಿ ಆಚೆ ಕಾರುಗಳು ತೇಲುತ್ತಿದ್ದವು, ಜನರನ್ನು ದೋಣಿಯಲ್ಲಿ ಹೊರಗೆ ತಂದರು. ನಾವು ಇದೇ ಕಾಂಪೌಂಡಿನ ಎರಡೂ ಕಡೆ ಒಲೆ ಹಚ್ಚಿ ರಾತ್ರಿಯಿಡೀ ಚಪಾತಿ ಲಟ್ಟಿಸಿದ್ದೆವು. ಆವತ್ತು ನೀರು ಶತ್ರುವಾಗಿ ಕಂಡಿತ್ತು. ನೀರು ಮಾಡಿದ್ದು ಮಾತ್ರ ಏನು? ಇಳಿಜಾರಿನಲ್ಲಿ ತನ್ನ ಹಳೆಯ ಜಾಡು ಹುಡುಕಿತು, ಅಷ್ಟೇ. ಇಲ್ಲಿಂದ ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ. ಆ ಜಾಡಿನ ಮೇಲೆ ಮನೆ ಕಟ್ಟಿ ಕೂತವರು ನಾವು.

ಊರು ಬೆಳೆಯಲಿ. ಇನ್ನೂ ನೂರು ಮೈಲಿ ಮೆಟ್ರೊ ಬರಲಿ, ನಮ್ಮ ಮೊಮ್ಮಕ್ಕಳು ಗಂಟೆಗಟ್ಟಲೆ ರಸ್ತೆಯಲ್ಲಿ ನಿಲ್ಲದಿರಲಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಚೆಂಗ್ಡು ಓಡುತ್ತಿರುವುದು ವರ್ಷವೂ ಹೂಳೆತ್ತಿಸಿಕೊಂಡ ಒಂದು ಹಳೆಯ ಕಾಲುವೆಯ ಬೆನ್ನಿನ ಮೇಲೆ. ನಾವು ಮೇಲಿನ ಐದು ಅಂತಸ್ತು ಎಣಿಸುತ್ತೇವೆ, ಆರನೆಯದನ್ನು, ಅಂದರೆ ನೆಲದಡಿಯ ನೀರನ್ನು, ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಬತ್ತಿದರೆ ಮೇಲಿನ ಐದಕ್ಕೂ ಅರ್ಥವಿಲ್ಲ.

ಕಡಲೆಕಾಯಿ ಮುಗಿದಿತ್ತು. ಸಿಪ್ಪೆಯನ್ನು ಅಕ್ಕ ಕೆರೆಗೆ ಹಾಕದೆ ಸೆರಗಿನಲ್ಲಿ ಕಟ್ಟಿಕೊಂಡರು. "ನಾವಿಬ್ಬರೂ ಕೆರೆ ಕಟ್ಟೋಕಾಗಲ್ಲ. ನಮ್ಮ ತಾರಸಿ ನೀರನ್ನಾದ್ರೂ ಮೋರಿಗೆ ಬಿಡದೇ ಇರಬಹುದಲ್ವಾ?"

ಮಾಘದಲ್ಲಿ ಬಾವಿ ತೋಡುವವರನ್ನು ಕರೆಸಿದೆವು. ಈ ಊರಿನಲ್ಲಿ ತಲೆಮಾರಿನಿಂದ ಬಾವಿ ತೋಡುತ್ತ ಬಂದ ಮಣ್ಣುವಡ್ಡರು. ಕಾಂಪೌಂಡಿನ ಬುಡದಲ್ಲೇ ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿ. ಸಿಮೆಂಟಿನ ಬಳೆ ಒಂದೊಂದಾಗಿ ಇಳಿಸಿ, ತಳಕ್ಕೆ ಜಲ್ಲಿ ಹಾಕಿದರು. ಎರಡು ಮನೆಯ ತಾರಸಿಯ ಕೊಳವೆಗಳೂ ಒಂದೇ ಬಾಯಿಗೆ. ಕಾಂಪೌಂಡಿನ ಅಡಿಯಲ್ಲಿ ಅಂಗೈಯಗಲದ ತೂತು ಕೊರೆಯಬೇಕಾಯಿತು, ಅವರ ಕೊಳವೆ ಈ ಕಡೆ ಬರಲು.

ಭರಣಿ ಮಳೆ ರಾತ್ರಿ ಹತ್ತೂವರೆಗೆ ಹಿಡಿಯಿತು. ಕರೆಂಟು ಹೋಯಿತು. ನಾನು ಛತ್ರಿ ಹಿಡಿದು, ಟಾರ್ಚ್ ತೆಗೆದುಕೊಂಡು ಹಿತ್ತಲಿಗೆ ಓಡಿದೆ. ಆ ಕಡೆಯೂ ಒಂದು ಟಾರ್ಚಿನ ಬೆಳಕು. ಗುಡುಗಿನ ನಡುವೆ ಅಕ್ಕನ ದನಿ ಬಂತು.

"ನೀರು ಬಂತೇನಮ್ಮ?"

ಬಗ್ಗಿ ಬಾವಿಗೆ ಕಿವಿಯಿಟ್ಟೆ. ಕೆಳಗೆ ಕತ್ತಲಲ್ಲಿ ಜಲ್ಲಿಯ ಮೇಲೆ ಬೀಳುವ ಸದ್ದು, ಆಮೇಲೆ ಜಲ್ಲಿ ಮುಳುಗಿ ನೀರಿನ ಮೇಲೆ ನೀರು ಬೀಳುವ ಸದ್ದು.

"ಬಂತು ಅಕ್ಕಾ" ಎಂದೆ. "ಎರಡೂ ಮನೇದು."